ರವಿಚಂದ್ರರು ಕೂಡಿದ ಅಕ್ಷರ

ಅಕ್ಷರವೆಂದರೆ ಅಳಿಯದುದು ಎಂಬುದು ನಮ್ಮ ಪೂರ್ವಸೂರಿಗಳ ನಿರ್ವಚನ. ನುಡಿದ ದನಿ ಗಾಳಿಗೆ ಸಂದರೂ ಅದರ ಗುರುತು ಹಾಳೆಯ ಮೇಲೆ ಉಳಿಯುತ್ತದೆ. ಆದರೆ ಒಂದೊಂದು ಗುರುತೂ ದನಿಯ ಜೊತೆಗೆ ಅರ್ಥವನ್ನೂ ಹೊತ್ತು ನಿಲ್ಲುವ ಬರಹವೂ ಲೋಕದಲ್ಲುಂಟು. ಚೀನೀ ಬರಹವು ಆ ಬಗೆಯದು.

ಕಳೆದ ವರುಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ವ್ಯಾಪಾರನಿಮಿತ್ತವಾಗಿ ಚೀನಾದೇಶಕ್ಕೆ ಹೋಗಿ ಬರುವಾಗ, ಅಲ್ಲಿಯ ಮಕ್ಕಳು ತಿದ್ದುವ ಕಾಪಿ ಪುಸ್ತಕವೊಂದನ್ನು ತಂದುಕೊಟ್ಟನು. ಪುಟದ ತುಂಬ ಚೌಕಗಳು. ಒಂದೊಂದೂ ಅಡ್ಡಗೆರೆ ಉದ್ದಗೆರೆಗಳಿಂದ ನಾಲ್ಕು ಪಾಲಾಗಿದೆ. ತಡಸದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ತಿದ್ದತೊಡಗಿದೆನು. “ಇವು ಮುಂಡಗೋಡದ ಟಿಬೇಟದವರ ಅಕ್ಷರ ಏನ್ರಿ, ಪಂಡಿತರ?” ಎಂದು ನೆರೆಯವರು ಕೇಳಿದರು. 1966ರಲ್ಲಿ ಮುಂಡಗೋಡದಲ್ಲಿ ನೆಲೆಗೊಂಡ ಆ ಜನರ ಲಿಪಿಯು ಭಾರತದ ಬ್ರಾಹ್ಮಿಯಿಂದ ಬಂದುದು, ನಮ್ಮ ಕನ್ನಡಕ್ಕೆ ದೂರದ ದಾಯಾದಿ. ಚೀನೀ ಲಿಪಿಗೆ ನಮ್ಮೊಡನೆ ಆ ನಂಟಿಲ್ಲವೆಂದು ತಿಳಿಸಿದೆನು.

ನಾನು ಆಯ್ದುಕೊಂಡ ಅಕ್ಷರ ‘ಮಿಂಗ್’. ಎಡಕ್ಕೆ ಸೂರ್ಯ, ಬಲಕ್ಕೆ ಚಂದ್ರ. ಕೂಡಿದರೆ ಬೆಳಕುಳ್ಳದ್ದು, ನಿಚ್ಚಳವಾದದ್ದು ಎಂದರ್ಥ. ಸೂರ್ಯನಿಗೆ 4, ಚಂದ್ರನಿಗೆ 4, ಒಟ್ಟು 8 ಗೆರೆಗಳು. ಅವುಗಳ ಕ್ರಮವನ್ನು ಮೀರುವಂತಿಲ್ಲ. ಸೂರ್ಯನ ಆಕಾರ ನಡುವೆ ಪಟ್ಟಿಯುಳ್ಳ ನಿಲುವಾದ ಪೆಟ್ಟಿಗೆಯಂತೆ. ಮೊದಲು ಎಡದ ನಿಲುಗೆರೆ. ಬಳಿಕ ಮೇಲಣ ಗೆರೆಯನ್ನೆಳೆದು ಕೈಯೆತ್ತದೆ ಬಲಕ್ಕೆ ಇಳಿಸಬೇಕು. ಮೂರನೆಯದು ಒಳಗಣ ಅಡ್ಡಗೆರೆ. ತಳದ ಗೆರೆ ಎಲ್ಲಕ್ಕೂ ಕೊನೆಗೆ. ಒಳಗಿನದನ್ನು ಬರೆದ ಮೇಲೆಯೇ ಬಾಗಿಲು ಮುಚ್ಚಬೇಕೆಂಬುದು ಅಲ್ಲಿಯ ಉಪಾಧ್ಯಾಯರು ಮಕ್ಕಳಿಗೆ ಹೇಳಿಕೊಡುವ ಸೂತ್ರ.

ಬರೆಯುವುದು ಬಂದ ಮೇಲೆ ಬಳಸುವುದೂ ಬರಬೇಕಷ್ಟೆ. ‘ಮಿಂಗ್’ ಆದ ಮೇಲೆ ದಿನವೆಂಬ ಅಕ್ಷರವಿಟ್ಟರೆ ‘ನಾಳೆ’. ವರ್ಷವೆಂಬ ಅಕ್ಷರವಿಟ್ಟರೆ ‘ಬರುವ ವರ್ಷ’. ಬಿಳಿಯೆಂಬ ಅಕ್ಷರವಿಟ್ಟರೆ ‘ಅರ್ಥವಾಯಿತು’ ಎಂಬ ಭಾವ. 1368ರಿಂದ 1644ರವರೆಗೆ ಆಳಿದ ಮಿಂಗ್ ರಾಜವಂಶದ ಹೆಸರೂ ಇದೇ. ಕ್ರಿ.ಶ. 100ರ ಸುಮಾರಿಗೆ ಷು ಷೆನ್ ಎಂಬ ವಿದ್ವಾಂಸನು ರಚಿಸಿದ, 9,353 ಅಕ್ಷರಗಳ ಕೋಶದಲ್ಲಿ ಈ ಅಕ್ಷರದ ಮುಖ್ಯರೂಪವೇ ಬೇರೆ. ಅಲ್ಲಿ ಚಂದ್ರನ ಪಕ್ಕದಲ್ಲಿರುವುದು ಗವಾಕ್ಷ. ಕಿಟಕಿಯಿಂದ ಇಳಿದ ಬೆಳದಿಂಗಳು ಆ ರೂಪದಲ್ಲಿ ಕಾಣುತ್ತದೆ.

ಇಂಥ ಬರಹದಲ್ಲಿ ನಮ್ಮ ಅರಸನ ಹೆಸರೂ ಸೇರಿದೆ. 7ನೆಯ ಶತಮಾನದಲ್ಲಿ ಬಂದ ಹ್ಯೂಯೆನ್ ತ್ಸಾಂಗನು ಇಮ್ಮಡಿ ಪುಲಕೇಶಿಯ ಹೆಸರನ್ನು ನಾಲ್ಕು ಅಕ್ಷರಗಳಲ್ಲಿ ಬರೆದಿಟ್ಟನು. ಅವನ್ನು ಬಿಡಿಸಿ ನೋಡಿದರೆ ತೇಪೆ ಹಾಕು, ಬಲೆ, ಪರಿಶೀಲಿಸು, ಮನೆ ಎಂದಾಗುತ್ತದೆ! ಹರ್ಷನನ್ನು ತಡೆದ ಚಾಲುಕ್ಯ ಚಕ್ರವರ್ತಿಯನ್ನು ಕಾಣಬೇಕಾದರೆ ಓದುಗನು ಅರ್ಥಗಳನ್ನು ಬದಿಗಿಟ್ಟು ದನಿಯನ್ನಷ್ಟೇ ಹಿಡಿಯಬೇಕು.

ಕಿವಿಯ ದಾರಿ ಒಂದು, ಕೈಯ ದಾರಿ ಮತ್ತೊಂದು ಆಗುವ ಎಡೆ ಕನ್ನಡದಲ್ಲಿಯೂ ಉಂಟು. ‘ಸೂರ್ಯ’ ಎನ್ನುವಾಗ ರಕಾರವು ಯಕಾರಕ್ಕಿಂತ ಮೊದಲು ಕೇಳಿಸುತ್ತದೆ. ಬರೆಯುವಾಗ ಅರ್ಕಾವತ್ತಾಗಿ ಯಕಾರದ ತರುವಾಯ ಬರುತ್ತದೆ. ಎಂಟನೆಯ ಇಯತ್ತೆಯ ಹುಡುಗನೊಬ್ಬನ ಕೈ ಇಂಥಲ್ಲಿಯೇ ನಿಂತುಬಿಡುತ್ತಿತ್ತು. “ಇವಗ ಅಕ್ಷರ ತಲಿಗೆ ಹತ್ತವಲ್ದರೀ, ಹುಬ್ಬಳ್ಳ್ಯಾಗ ಗ್ಯಾರೇಜಿಗೆ ಹಚ್ಚತೀನಿ” ಎಂದು ಅವನ ತಂದೆ ಶಾಲೆ ಬಿಡಿಸಲು ಬಂದು ನಿಂತಿದ್ದನು. ದೀಪಾವಳಿಯವರೆಗೆ ತಡೆಯಪ್ಪಾ ಎಂದು ಕೇಳಿಕೊಂಡೆನು.

ಸಂಜೆಗಳಲ್ಲಿ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಬ್ಬರೂ ಆ ಚೌಕಗಳನ್ನು ತುಂಬಿದೆವು. ಗುರುವಿಗೂ ಬಾರದ ಅಕ್ಷರವೊಂದಿದೆಯೆಂಬುದನ್ನು ಕಂಡು ಅವನ ಅಂಜಿಕೆ ಸಡಿಲಿತು. ನಾಲ್ಕನೆಯ ದಿನ, “ಒಳಗಿಂದು ಮೊದಲು, ಬಾಗಲಾ ಕಡೀಕೇನ್ರಿ, ಗುರುಗಳ?” ಎಂದು ತಾನೇ ಕೇಳಿದನು. ಹೌದೆಂದು, ಅದೇ ಹಾಳೆಯ ಅಂಚಿನಲ್ಲಿ ‘ಸೂರ್ಯ’ ಬರೆಯಿಸಿದೆನು: ಮೊದಲು ಯಕಾರ, ಬಾಗಿಲಿನಂತೆ ಕೊನೆಗೆ ಅರ್ಕಾವತ್ತು. ಆ ಮೇಲೆ ‘ಕಾರ್ಯ’, ‘ಧೈರ್ಯ’, ‘ಮರ್ಯಾದೆ’. ದೀಪಾವಳಿಯ ಹೊತ್ತಿಗೆ ಅರ್ಧಪುಟ ಉಕ್ತಲೇಖನವನ್ನು ತಡೆಯಿಲ್ಲದೆ ಬರೆದನು. ತಂದೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದನು.

ಹುಡುಗನು ಈಗ ಒಂಬತ್ತನೆಯ ಇಯತ್ತೆಯಲ್ಲಿದ್ದಾನೆ. ಗಣಿತ ಇನ್ನೂ ಕಾಡುತ್ತದೆ. ಸೋಮವಾರ ಫಲಕದ ಮೇಲೆ ಸುಭಾಷಿತ ಬರೆಯುವ ಸರದಿ ಮಾತ್ರ ಅವನದು.