ಪ್ಲೇಟು, ರಾಡಾರು, ಡ್ರೋನು

ಧಾರವಾಡದ ನಮ್ಮ ಮನೆಯಲ್ಲಿ ಗ್ರಾಮಫೋನ್ ರೆಕಾರ್ಡಿಗೆ ಪ್ಲೇಟು ಎನ್ನುತ್ತಿದ್ದರು. ನಾಯಿ ಮಾರ್ಕಿನ ಪ್ಲೇಟಾದರೆ ಅದರ ಮರ್ಯಾದೆಯೇ ಬೇರೆ. ನಡುವಿನ ದುಂಡು ಕಾಗದದ ಮೇಲೆ ಕೊಳವೆಗೆ ಕಿವಿಗೊಟ್ಟು ಕೂತ ನಾಯಿ, ಅದರ ಕೆಳಗೆ ರಾಗದ ಹೆಸರು, ಅಂಚಿನ ಸಣ್ಣ ಅಕ್ಷರಗಳಲ್ಲಿ ಡಮ್‌ಡಮ್ ಎಂಬ ಊರು. ಕಲ್ಕತ್ತದ ಪಕ್ಕದ ಆ ಊರಿಗೆ ಹಾಡಿನ ಕಾರ್ಖಾನೆ ಬರುವ ಎಷ್ಟೋ ಮೊದಲೇ ಬ್ರಿಟಿಷರ ಮದ್ದುಗುಂಡಿನ ಕಾರ್ಖಾನೆ ಬಂದಿತ್ತು. ಮೈಯೊಳಗೆ ಹೊಕ್ಕು ಅರಳುವ ಡಮ್‌ಡಮ್ ಗುಂಡು ಅಲ್ಲಿಯದೇ. 1899ರ ಹೇಗ್ ಸಮ್ಮೇಳನ ಅಂಥ ಗುಂಡು ಬೇಡವೆಂದಿತು. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ನಮಗೆ ಡಮ್‌ಡಮ್ ಅಂದರೆ ಮಲ್ಲಿಕಾರ್ಜುನ ಮನ್ಸೂರರು.

ಗಂಗೂಬಾಯಿ ಹಾನಗಲ್ಲರು ಗಾಂಧಾರಿ ಎಂಬ ಹೆಸರಿನಲ್ಲಿ ಇದೇ ನಾಯಿ ಮಾರ್ಕಿನ ಎಚ್‌ಎಂವಿಗೆ ಹಾಡಿದ್ದು 1930ರ ದಶಕದ ಆರಂಭದಲ್ಲಿ. ಅದೇ ಹೊತ್ತಿಗೆ, 1931ರಲ್ಲಿ, ನಾಯಿಯ ಒಡೆಯರು ಲಂಡನ್ನಿನಲ್ಲಿ ಕೊಲಂಬಿಯಾ ಕಂಪನಿಯ ಜೊತೆ ಕೂಡಿ ಇಎಂಐ ಆಗಿದ್ದರು. ಅಲ್ಲಿ ಆಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರ್ ಇದ್ದ. ಆ ವರ್ಷದ ಡಿಸೆಂಬರಿನಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ ವಿದ್ಯೆಯನ್ನೇ ನಾವು ಈಗ ಸ್ಟೀರಿಯೊ ಎನ್ನುವುದು. ಯುದ್ಧ ಬಂತು. ಕಂಪನಿ ಅದೇ, ಎಂಜಿನಿಯರ್ ಅವನೇ, ಕೆಲಸ ಮಾತ್ರ ರಾಡಾರಿನದು: ಕತ್ತಲಲ್ಲಿ, ಮೋಡದ ಮೇಲಿನಿಂದ ಕೆಳಗಿನ ಊರನ್ನು ಬಾಂಬರಿಗೆ ತೋರಿಸುವ ಎಚ್2ಎಸ್ ಯಂತ್ರ. 1942ರ ಜೂನ್ 7ರಂದು ಅದರ ಪರೀಕ್ಷೆಗೆ ಹಾರಿದ್ದ ಹ್ಯಾಲಿಫ್ಯಾಕ್ಸ್ ವಿಮಾನ ಬಿದ್ದು ಬ್ಲಮ್‌ಲೈನ್ ಸತ್ತ. ಅವನಿಗಿನ್ನೂ 38. ಮುಂದಿನ ಜನವರಿಯಲ್ಲಿ ಅದೇ ರಾಡಾರ್ ಹೊತ್ತ ಬಾಂಬರುಗಳು ಹ್ಯಾಂಬರ್ಗಿನ ಮೇಲೆ ಹೋದವು.

ನಮ್ಮ ಸೋದರಮಾವ ಮುಂಬಯಿಯಿಂದ ಸ್ಟೀರಿಯೊ ತಂದ ದಿನ ಎರಡು ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿ ನಮ್ಮನ್ನು ಒಬ್ಬೊಬ್ಬರಾಗಿ ಕೂರಿಸಿ, “ತಬಲಾ ಯಾವ ಕಡೆಯಿಂದ ಬಂತು, ಹೇಳ ನೋಡೋಣ” ಎಂದು ಪರೀಕ್ಷೆ ಮಾಡಿದ್ದರು. ಅಜ್ಜಿ ಸೀದಾ ಎದ್ದು ಪೆಟ್ಟಿಗೆಯ ಹಿಂದೆ ಹೋಗಿ ನೋಡಿ ಬಂದಳು. ಈ ವಿದ್ಯೆ ಕಂಡುಹಿಡಿದವನು ಹೇಗೆ ಸತ್ತ ಎಂದು ಯಾರು ಕೇಳಬೇಕು? 1971ರ ಡಿಸೆಂಬರಿನ ಯುದ್ಧದ ಹೊತ್ತಿನಲ್ಲೂ ಪ್ಲೇಟು ತಿರುಗುತ್ತಿತ್ತು. ವಾರ್ತೆಯ ಹೊತ್ತಿಗೆ ಮುಳ್ಳು ಎತ್ತಿಡುತ್ತಿದ್ದರು, ಅಷ್ಟೇ.

ಹಾಡುವವರಿಗೂ ಹೆಚ್ಚೇನೂ ಗೊತ್ತಿರಲಿಲ್ಲ. ಡೆಕ್ಕಾ ಕಂಪನಿ ಒಂದು ಕೈಯಲ್ಲಿ ರೆಕಾರ್ಡು, ಇನ್ನೊಂದರಲ್ಲಿ ರಾಡಾರು ಮಾಡುತ್ತಿತ್ತು. ತಮ್ಮ ಹಾಡಿನ ಲಾಭ ಬಾಂಬರುಗಳ ಪೆಟ್ಟಿಗೆಗೆ ಹೋಗುತ್ತಿತ್ತೆಂದು ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಆಮೇಲೆ ಸಿಡುಕಿದ್ದುಂಟು. ಆದರೆ ಅವರು ಡೆಕ್ಕಾ ಬಿಟ್ಟದ್ದು ಒಪ್ಪಂದ ಮುಗಿದ ಮೇಲೆ. ಇಂಗ್ಲೆಂಡಿನ ಚುಂಬವಾಂಬ ತಂಡದ ಕಥೆ ಇನ್ನೂ ಚೆಂದ. ಇಎಂಐಯನ್ನು ಬೈಯಲೆಂದೇ 1989ರಲ್ಲಿ ಬಂದ ರೆಕಾರ್ಡಿನಲ್ಲಿ ಅವರ ಹಾಡಿತ್ತು. 1997ರಲ್ಲಿ ಅದೇ ಇಎಂಐಗೆ ಸಹಿ ಹಾಕಿದರು. ಶಸ್ತ್ರಾಸ್ತ್ರದ ನಂಟಿದ್ದ ಥಾರ್ನ್ ಕಂಪನಿ ಹಿಂದಿನ ವರ್ಷವೇ ಇಎಂಐಯಿಂದ ಬೇರೆಯಾಗಿದೆ ಎಂಬುದು ಅವರ ಸಮಜಾಯಿಷಿ. ಅದೇನೋ ನಿಜವೇ. ಇಎಂಐಯಿಂದ ಬಂದ ಅವರ ಹಾಡು ಲೋಕವನ್ನೆಲ್ಲ ಸುತ್ತಿತು ಎಂಬುದೂ ನಿಜ.

ಈಗಿನ ವಿಷಯಕ್ಕೆ ಬರುತ್ತೇನೆ. ಸ್ಪಾಟಿಫೈ ಕಟ್ಟಿದ ಡೇನಿಯಲ್ ಎಕ್‌ಗೆ ಪ್ರೈಮಾ ಮಟೀರಿಯಾ ಎಂಬ ಹೂಡಿಕೆ ಸಂಸ್ಥೆಯೂ ಇದೆ. ಅದು 2021ರಲ್ಲಿ ಮ್ಯೂನಿಕ್‌ನ ಹೆಲ್ಸಿಂಗ್ ಕಂಪನಿಗೆ 10 ಕೋಟಿ ಯೂರೊ ಹಾಕಿತು. ಹೆಲ್ಸಿಂಗ್ ಯುದ್ಧಕ್ಕೆ ಬೇಕಾದ ಕೃತಕ ಬುದ್ಧಿಮತ್ತೆ ಮಾಡುತ್ತದೆ, ಈಗ ಡ್ರೋನನ್ನೂ ಮಾಡುತ್ತದೆ. 2025ರ ಜೂನ್‌ನಲ್ಲಿ ಅದೇ ಕಂಪನಿಗೆ 60 ಕೋಟಿ ಯೂರೊ ಕೂಡಿಬಂದಾಗ ಮುಂದೆ ನಿಂತದ್ದೂ ಪ್ರೈಮಾ ಮಟೀರಿಯಾವೇ. ಎಕ್ ಹೆಲ್ಸಿಂಗ್‌ನ ಅಧ್ಯಕ್ಷರೂ ಹೌದು. ಹಿಂದೆ ದಶಕಗಳ ಮೇಲೆ ಗೊತ್ತಾಗುತ್ತಿದ್ದ ಸಂಗತಿ ಈ ಸಲ ಸುದ್ದಿಯಾದ ದಿನವೇ ಹಾಡುಗಾರರ ಕೈಯಲ್ಲಿತ್ತು. ಅಮೆರಿಕದ ಡೀರ್‌ಹೂಫ್ ತಂಡ ಆ ತಿಂಗಳೇ ಸ್ಪಾಟಿಫೈ ಬಿಟ್ಟು ಹೊರಟಿತು. ಜುಲೈನಲ್ಲಿ ಆಸ್ಟ್ರೇಲಿಯದ ಕಿಂಗ್ ಗಿಜರ್ಡ್, ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್. ಕಿಂಗ್ ಗಿಜರ್ಡ್ ತನ್ನ ಆಲ್ಬಮ್‌ಗಳನ್ನು ಬ್ಯಾಂಡ್‌ಕ್ಯಾಂಪಿನಲ್ಲಿಟ್ಟು, ಮನಸ್ಸಿಗೆ ಬಂದಷ್ಟು ಕೊಟ್ಟು ತಗೊಳ್ಳಿ ಎಂದಿತು.

70 ಕೋಟಿಗೂ ಹೆಚ್ಚು ಜನ ಕೇಳುವ ಸ್ಪಾಟಿಫೈಗೆ ಇದು ಸಂತೆಯಿಂದ ನಾಲ್ಕು ಜನ ಎದ್ದು ಹೋದ ಹಾಗೆ. ಇನ್ನೊಂದನ್ನೂ ಹೇಳದಿದ್ದರೆ ಮೋಸ: ಹೆಲ್ಸಿಂಗ್‌ನ ಡ್ರೋನುಗಳು ಸಾವಿರಗಟ್ಟಲೆ ಹೊರಟಿರುವುದು ಉಕ್ರೇನಿಗೆ. ಎರಡೂ ಬೇರೆ ಬೇರೆ ಕಂಪನಿಗಳು, ಹೆಲ್ಸಿಂಗ್‌ನ ಕೆಲಸ ಯುರೋಪಿನ ರಕ್ಷಣೆಯದು ಎಂದು ಸ್ಪಾಟಿಫೈ ಹೇಳಿಕೆ ಕೊಟ್ಟಿದೆ. ರಾತ್ರಿಯೆಲ್ಲ ನೆಲಮಾಳಿಗೆಯಲ್ಲಿ ಕೂರುವ ಕೀವ್ ನಗರದ ಗಿಟಾರಿನವನು ಮೆಲ್ಬರ್ನಿನವನ ಹಾಗೆ ಯೋಚಿಸಲಾರ. ಆದರೂ ನನ್ನ ಒಲವು ಬಿಟ್ಟುಹೋದವರ ಕಡೆಗೇ. ಇಂದು ಉಕ್ರೇನಿಗೆ ಹೋದ ಯಂತ್ರ ನಾಳೆ ಎಲ್ಲಿಗೆ ಹೋಗುತ್ತದೆಂದು ಹೂಡಿಕೆದಾರನೂ ಬರೆದುಕೊಡಲಾರ. ಯುದ್ಧ ಹರಡಿದಷ್ಟೂ ಬೆಲೆ ಏರುವ ಷೇರಿನಲ್ಲಿ ಹಾಡಿನ ದುಡ್ಡು ಕೂತಿದೆ ಎಂದು ಗೊತ್ತಾದ ಮೇಲೆ ಹಾಡುಗಾರ ಗೊತ್ತಿಲ್ಲದವನ ಹಾಗೆ ಇರಬೇಕೆಂದರೆ ಹೇಗೆ?

ನಮ್ಮಲ್ಲಿಯೂ ಅದೇ ವರ್ಷ ಯುದ್ಧ ಹಾಡಿನ ಪಟ್ಟಿಯೊಳಗೆ ಬಂದು ಹೋಯಿತು. ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕವಾಯತು. ಪಟ್ಟಿಯಲ್ಲಿ ನಮ್ಮ ಬೆಂಗಳೂರು, ಕಾರವಾರ, ರಾಯಚೂರು. ಮರುದಿನವೇ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಪಾಕಿಸ್ತಾನ ಮೂಲದ ಸಿನಿಮಾ, ಧಾರಾವಾಹಿ, ಹಾಡು, ಪಾಡ್‌ಕಾಸ್ಟ್ ಯಾವುದೂ ಇರಕೂಡದೆಂದು ಆನ್‌ಲೈನ್ ವೇದಿಕೆಗಳಿಗೆ ಬರೆಯಿತು. ಬೆಂಗಳೂರಿನಲ್ಲಿರುವ ತಮ್ಮನ ಮಗನ ಫೋನಿನಲ್ಲಿ ಪಾಕಿಸ್ತಾನದ ಕೋಕ್ ಸ್ಟುಡಿಯೊದ ಹಾಡುಗಳು ಬೂದಿಬಣ್ಣಕ್ಕೆ ತಿರುಗಿ ಕೂತವು, ಒತ್ತಿದರೆ ಉಲಿಯುವುದಿಲ್ಲ. ಕಾರ್ಗಿಲ್ ವೇಳೆಯಲ್ಲೂ ಕೇಬಲ್ಲಿನಿಂದ ಪಾಕಿಸ್ತಾನ ಟಿವಿ ತೆಗೆಸಿದ್ದರು. ಆದರೆ ನನ್ನ ಕಪಾಟಿನ ಮೆಹದಿ ಹಸನ್ ಕ್ಯಾಸೆಟ್ಟನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಹಾಗೆಂದು ಕ್ಯಾಸೆಟ್ಟಿನ ಕಾಲವನ್ನು ಹೊಗಳುವ ಕೆಲಸ ನನ್ನಿಂದಾಗದು. ಆ ಕ್ಯಾಸೆಟ್ಟು ಸುಭಾಸ ರಸ್ತೆಯಲ್ಲಿ ಖಾಲಿ ಟೇಪು ಕೊಟ್ಟು ತುಂಬಿಸಿಕೊಂಡದ್ದು. ಮೂರನೆಯ ಗಜಲಿನ ನಡುವೆಯೇ ಒಂದು ಮಗ್ಗುಲು ಮುಗಿಯುತ್ತದೆ, ಹಿಂದೆ ಅಂಗಡಿಯ ಹೊರಗಿನ ರಿಕ್ಷಾದ ಹಾರ್ನೂ ಕೇಳಿಸುತ್ತದೆ. ಮೆಹದಿ ಹಸನ್‌ಗೆ ಅದರಿಂದ ಚಿಕ್ಕಾಸೂ ಹೋಗಿಲ್ಲ. ನನ್ನ ದುಡ್ಡು ಯಾರ ಬಾಂಬಿಗೂ ಹೋಗಲಿಲ್ಲ, ಹಾಡಿದವನಿಗೂ ಹೋಗಲಿಲ್ಲ, ಅಂಗಡಿಯವನಿಗೆ ಹೋಯಿತು.

ಈಗ ಒಂದೇ ಬೀಗಕ್ಕೆ ಹಲವರ ಬಳಿ ಚಾವಿ. ಮೇ ತಿಂಗಳಲ್ಲಿ ಸರ್ಕಾರ ತಿರುಗಿಸಿದ ಚಾವಿಯನ್ನೇ ಸೆಪ್ಟೆಂಬರಿನಲ್ಲಿ 400ಕ್ಕೂ ಹೆಚ್ಚು ಹಾಡುಗಾರರು ಮತ್ತು ಕಂಪನಿಗಳು, ಗಾಜಾದ ಕಾರಣಕ್ಕೆ, ತಮ್ಮ ಹಾಡು ಇಸ್ರೇಲಿನಲ್ಲಿ ಕೇಳದಂತೆ ತಿರುಗಿಸಿದರು. ಒಂದು ಆಜ್ಞೆ, ಇನ್ನೊಂದು ಪ್ರತಿಭಟನೆ. ಯಂತ್ರಕ್ಕೆ ಎರಡೂ ಒಂದೇ. ತಿಂಗಳ ಬಾಡಿಗೆ ಕಟ್ಟಿ ಕೇಳುವವನ ಕೈಯಲ್ಲಿ ಮಾತ್ರ ಯಾವ ಚಾವಿಯೂ ಇಲ್ಲ.

ತಮ್ಮನ ಮಗನದು ನಾಲ್ಕು ಜನರ ತಂಡ. ವಾರವಿಡೀ ಸಾಫ್ಟ್‌ವೇರು, ಶನಿವಾರ ಗಿಟಾರು. ದೀಪಾವಳಿಗೆ ಬಂದಾಗ ಕೇಳಿದೆ, ನೀವೂ ಬಿಡುತ್ತೀರೋ ಹೇಗೆ ಎಂದು.

“ಅದ ಜಗಳ ನಡದದ, ದೊಡ್ಡಪ್ಪಾ. ವರ್ಷಕ್ಕ ಒಂದು ಸಾವಿರ ಸಲ ಕೇಳದಿದ್ರ ಆ ಹಾಡಿಗೆ ಅವರು ರೊಕ್ಕಾನ ಕೊಡೂದಿಲ್ಲ. ನಮ್ಮದು ಒಂದೂ ಅಲ್ಲಿಗೆ ಮುಟ್ಟಿಲ್ಲ. ನಮ್ಮಿಂದ ಡ್ರೋನಿಗೂ ಏನೂ ಹೋಗಿಲ್ಲ, ನಮಗೂ ಏನೂ ಬಂದಿಲ್ಲ.”

“ಹಂಗಾದ್ರ ತಗದ ಬಿಡ್ರಿ.”

“ತಗದ್ರ ಹಾಡು ಎಲ್ಲಿ ಅದ ಅಂತ ಜನಕ್ಕ ಏನು ಹೇಳೂದು? ಹಾಡು ಏರಿಸಿದ ಏಜೆನ್ಸಿಗೆ ಜನವರಿಯೊಳಗ ವರ್ಷದ ಫೀ ಕಟ್ಟಬೇಕು. ಕಟ್ಟಲಿಲ್ಲಂದ್ರ ಅವರ ತಗೀತಾರ. ಹಾಂಗ ಆದ್ರ ಹೆಲ್ಸಿಂಗ್ ಸಲುವಾಗಿ ಬಿಟ್ವಿ ಅಂತ ಇನ್‌ಸ್ಟಾಗ್ರಾಮಿನಾಗ ಹಾಕೂಣು ಅಂತ ಡ್ರಮ್ಮಿನಾಂವ ಹೇಳ್ಯಾನ.”