ಕುರಿ ವಾಸನೆ ಇಲ್ಲದ ಕಂಬಳಿ

ಚಳ್ಳಕೆರೆ ಕಡೆಯ ಕುದಾಪುರದ ಬಯಲಲ್ಲಿ ಹಗಲು ನೆತ್ತಿ ಸುಡುತ್ತದೆ, ಮಾಗಿಯ ರಾತ್ರಿ ಹಲ್ಲು ಕಟಕಟ ಅನ್ನುತ್ತದೆ. ಅಂಥ ರಾತ್ರಿಗಳಲ್ಲಿ ಬೆಂಕಿ ಮುಂದೆ ಕೂತರೆ ನನಗೆ ಮೊದಲು ನೆನಪಾಗುವುದು ಹುಣಸೆ ಬೀಜದ ವಾಸನೆ. ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ಅರೆದು, ಕುದಿಸಿದರೆ ಎಳೆಗೆ ಹಚ್ಚುವ ಸರಿ ಸಿದ್ಧ. ಬೆಳಿಗ್ಗೆ ಬೀದಿಯುದ್ದಕ್ಕೂ ಕಂಬಳಿಯ ಹಾಸು ಎಳೆದು ಕಟ್ಟಿ ಅಜ್ಜ ಅದಕ್ಕೆ ಸರಿ ಬಳಿಯುತ್ತಿದ್ದ. ಒಣಗಿದ ಎಳೆ ತಂತಿಯ ಹಾಗೆ ಬಿಗಿಯಾಗುತ್ತಿತ್ತು.

ಮನೆಯಲ್ಲಿದ್ದದ್ದು ಒಂದೇ ಗುಂಡಿಮಗ್ಗ. ಅಜ್ಜಿ, ಅವ್ವ, ಇಬ್ಬರು ಅತ್ತೆಯರು ದಿನವಿಡೀ ಉಣ್ಣೆ ನೂತರೂ ಮಗ್ಗಕ್ಕೆ ಸಾಲುತ್ತಿರಲಿಲ್ಲ. ಅಜ್ಜ ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡು, ನೂಲಿಗೆ ಕಾಯುತ್ತ ಬೀಡಿ ಸೇದುತ್ತಿದ್ದ. ಇಂಗ್ಲೆಂಡಿನಲ್ಲೂ ಇದೇ ಗೋಳಿತ್ತೆಂದು ಆಮೇಲೆ ಓದಿ ತಿಳಿದೆ. 1733ರಲ್ಲಿ ಜಾನ್ ಕೇ ಹಾರುವ ಲಾಳಿ ಮಾಡಿದ. ನೇಕಾರರ ಕೈ ಚುರುಕಾಯಿತು, ನೂಲಿಗೆ ಬರ ಬಂತು. ಆ ಬರವೇ ಅಲ್ಲಿ ನೂಲುವ ಯಂತ್ರಗಳಿಗೆ ದಾರಿಯಾಯಿತು. ನಮ್ಮ ಮನೆಯಲ್ಲಿ ಅದರಿಂದ ಹುಟ್ಟಿದ್ದು ಅಜ್ಜಿಯ ಬೈಗುಳ ಮಾತ್ರ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಜ್ಜನ ಜತೆ ಚಳ್ಳಕೆರೆ ಸಂತೆಗೆ ಹೋದೆ. ನಾವು ಕೂರುವ ಜಾಗದ ಪಕ್ಕದಲ್ಲೇ ಒಬ್ಬ ಟಾರ್ಪಾಲು ಹಾಸಿ ಕೆಂಪು, ನೀಲಿ, ಚೌಕಳಿ ಕಂಬಳಿಗಳ ಗುಡ್ಡೆ ಹಾಕಿದ್ದ. ಪಾಣಿಪತ್ತಿನ ಮಾಲು. ನಮ್ಮ ಒಂದು ಕರಿ ಕಂಬಳಿಯ ದುಡ್ಡಿಗೆ ಅವು ಮೂರು ಬರುತ್ತಿದ್ದವು. ಅಜ್ಜ ಎದ್ದು ಹೋಗಿ ಒಂದನ್ನು ಎತ್ತಿಕೊಂಡ. ಬೆರಳಲ್ಲಿ ಎಳೆ ಹಿಂಜಿದ, ಮೂಗಿಗೆ ಹಿಡಿದ.

“ಇದ್ರಾಗೆ ಕುರೀನೇ ಇಲ್ವಲ್ಲೋ!”

ಅಜ್ಜ ಹೇಳಿದ್ದು ಅರ್ಧ ನಿಜ. ಚಳಿದೇಶಗಳ ಜನ ತೊಟ್ಟು ಬಿಸಾಕಿದ ಸ್ವೆಟರು, ಕೋಟುಗಳು ಮೂಟೆಗಟ್ಟಲೆ ಪಾಣಿಪತ್ತಿಗೆ ಬರುತ್ತವೆ. ಯಂತ್ರ ಅವನ್ನು ಹರಿದು ಚಿಂದಿ ಮಾಡಿ ಮತ್ತೆ ನೂಲಾಗಿಸುತ್ತದೆ. ಈ ವಿದ್ಯೆ ಶುರುವಾದದ್ದು 1813ರಲ್ಲಿ, ಯಾರ್ಕ್‌ಷೈರಿನ ಬ್ಯಾಟ್ಲಿಯಲ್ಲಿ, ಬೆಂಜಮಿನ್ ಲಾ ಎಂಬುವನಿಂದ. ಕುರಿ ಇತ್ತು, ಯಾವ ದೇಶದ್ದೋ, ಎಷ್ಟು ವರ್ಷ ಹಿಂದಿನದೋ. ವಾಸನೆ ಉಳಿದಿರಲಿಲ್ಲ, ಅಷ್ಟೆ.

ಅವತ್ತು ನಾವು ಸಂತೆಗೆ ಒಯ್ದ ನಾಲ್ಕು ಕಂಬಳಿಯಲ್ಲಿ ಹೋದದ್ದು ಒಂದೇ. ಅದನ್ನೂ ಒಬ್ಬರು ಗದ್ದುಗೆಗೆ ಹಾಸಲು ಕೊಂಡರು. ದೇವರಿಗೆ ಮಿಲ್ ಕಂಬಳಿ ನಡೆಯುವುದಿಲ್ಲ, ಮನುಷ್ಯರಿಗೆ ನಡೆಯುತ್ತದೆ. ಮಗ್ಗಕ್ಕೆ ಯಂತ್ರ ಬಂದು ನಮ್ಮ ಕಸುಬು ಹೋಯಿತೆಂದು ಜನ ಅನ್ನುತ್ತಾರೆ. ನಮ್ಮ ಮಗ್ಗದ ಹತ್ತಿರ ಯಾವ ಯಂತ್ರವೂ ಸುಳಿಯಲಿಲ್ಲ. ಅದು ಎಲ್ಲೋ ದೂರದಲ್ಲಿ ಓಡಿತು, ನಮ್ಮೂರಿಗೆ ಬಂದದ್ದು ಅದರ ಬೆಲೆ.

ಅಜ್ಜ ತೀರಿಕೊಂಡ ಮೇಲೆ ಮಗ್ಗದ ಗುಂಡಿಗೆ ಮಣ್ಣು ತುಂಬಿದೆವು. ಅಜ್ಜಿ ಮಾತ್ರ ನೂಲುವುದು ಬಿಡಲಿಲ್ಲ. ಅವಳು ಹಾಗೆ ನೂಲುತ್ತಿದ್ದ ಕಾಲದಲ್ಲೇ, 2016ರ ನವೆಂಬರಿನಲ್ಲಿ, ಕುದಾಪುರದ ಕಡೆಯ ವಿಮಾನ ಪರೀಕ್ಷಾ ವಲಯದಿಂದ ರುಸ್ತುಂ-2 ಎಂಬ ಪೈಲಟ್ ಇಲ್ಲದ ವಿಮಾನ ಮೊದಲ ಸಲ ಹಾರಿತು. ಆಮೇಲೊಂದು ದಿನ ಮೇಲೆ ಏನೋ ಹಾರಿದ ಸದ್ದಾಯಿತು. ಅಜ್ಜಿ ಕೈ ನಿಲ್ಲಿಸದೆ ತಲೆ ಎತ್ತಿ, “ಅದೂ ನೂಲ್ತೈತೇನೋ, ಗುಂಯ್ ಅಂತೈತೆ” ಅಂದಳು.

ಚಳ್ಳಕೆರೆ ಕಡೆ ಹೋದರೆ ಕಂಬಳಿ ಕೊಳ್ಳುವ ಮೊದಲು ಒಮ್ಮೆ ಮೂಗಿಗೆ ಹಿಡಿದು ನೋಡಿ.