ಗಡಿ ದಾಟಿದ ಗ್ರಂಥಿಗಳು

ರೋಗಿಯ ಮುಖವನ್ನೇ ನೋಡದ ವೈದ್ಯನೂ ಒಬ್ಬನಿರುವನೆಂದರೆ ನಮ್ಮ ಮನೆಯ ಹಿರಿಯರು ನಂಬುತ್ತಿರಲಿಲ್ಲ. "ನಾಡಿ ಹಿಡಿಯದವನು ಎಂಥ ಡಾಕ್ಟರಪ್ಪಾ?" ಎಂದು ನಮ್ಮ ಸೋದರತ್ತೆ ಕೊನೆಯವರೆಗೂ ಕೇಳುತ್ತಿದ್ದರು. ನನ್ನ ಕಸಬು ಅಂಥದೇ. ಶಸ್ತ್ರವೈದ್ಯರು ಕಳುಹಿಸಿದ ಮಾಂಸದ ಚೂರು ಫಾರ್ಮಲಿನ್ನಿನಲ್ಲಿ ನೆನೆದು, ಮೇಣದಲ್ಲಿ ಹುದುಗಿ, ಮಿಲಿಮೀಟರಿನ ಇನ್ನೂರರಲ್ಲೊಂದು ಪಾಲಿನಷ್ಟು ತೆಳ್ಳಗೆ ಹೆರೆಯಲ್ಪಟ್ಟು, ನೀಲಿ ಕೆಂಪುಗಳನ್ನುಟ್ಟು ಗಾಜಿನ ಮೇಲೆ ನನ್ನೆದುರಿಗೆ ಬರುತ್ತದೆ. (ಆ ನೀಲಿಯು ಮಧ್ಯ ಅಮೆರಿಕದ ಮರವೊಂದರ ಚೇಗಿನಿಂದ ತೆಗೆದ ಬಣ್ಣವೆಂಬುದು ನನಗೆ ಇಂದಿಗೂ ಸೋಜಿಗ.) ಅದನ್ನು ನೋಡಿ ನಾನು ನಾಲ್ಕು ಸಾಲು ಬರೆಯುತ್ತೇನೆ.

ದೊಡ್ಡ ಕರುಳಿನ ಒಳಗೋಡೆಯಲ್ಲಿ ಕೆಲವರಿಗೆ ನಾಯಿಕೊಡೆಯಂತೆ ತೊಟ್ಟುಳ್ಳ ಗಂಟುಗಳು ಬೆಳೆಯುವುದುಂಟು. ಇವೇ ಪಾಲಿಪ್‌ಗಳು. ಅವುಗಳಲ್ಲಿ ಅಡಿನೋಮಾ ಎಂಬ ಜಾತಿಯದು ಅರ್ಬುದವಲ್ಲ. ಆದರೆ ವರ್ಷಗಳು ಉರುಳಿದಂತೆ ಕೆಲವು ಹಾಗಾಗಬಲ್ಲವು. ಎಲ್ಲಿಯವರೆಗೆ ಸೌಮ್ಯ, ಎಲ್ಲಿಂದ ಘಾತಕ? ಲೋಳೆಪೊರೆಯ ತಳದಲ್ಲಿ ಸ್ನಾಯುವಿನ ತೆಳುಪದರವೊಂದಿದೆ. ಗ್ರಂಥಿಗಳು ಅದರ ಮೇಲ್ಗಡೆ ಎಷ್ಟೇ ಪುಂಡಾಟವಾಡಲಿ, ದೊಡ್ಡ ಕರುಳಿನ ಮಟ್ಟಿಗೆ ನಾವು ಅದನ್ನು ಅರ್ಬುದವೆನ್ನುವುದಿಲ್ಲ. ಅದನ್ನು ಕೊರೆದು ಕೆಳಗಿಳಿದರೆ ಎನ್ನುತ್ತೇವೆ.

ನಿಯಮವೇನೋ ಸುಲಭ. 1988ರ ಮಳೆಗಾಲದಲ್ಲಿ, ಕೆಲಸಕ್ಕೆ ಹೊಸಬನಾಗಿದ್ದ ನಾನು ಈ ಸುಲಭ ನಿಯಮವನ್ನೇ ನಂಬಿ ಕೆಡುತ್ತಿದ್ದೆ. ನಿವೃತ್ತ ಉಪಾಧ್ಯಾಯರೊಬ್ಬರ ಗಂಟು ಬಂದಿತ್ತು. ಪದರದ ಕೆಳಗೆ ಗ್ರಂಥಿಗಳು ಸ್ಪಷ್ಟವಾಗಿ ಕಂಡುವು. ಹೊಟ್ಟೆಯನ್ನು ತೆರೆದು ಗೇಣುದ್ದ ಕರುಳನ್ನು ತೆಗೆಯಬೇಕೋ ಬೇಡವೋ ಎಂದು ಶಸ್ತ್ರವೈದ್ಯರು ಎರಡು ಸಲ ಹೇಳಿಕಳುಹಿಸಿದ್ದರು. "ಅರ್ಬುದ" ಎಂದು ಪೆನ್ಸಿಲಿನಲ್ಲಿ ಬರೆದು ನನ್ನ ಗುರುಗಳ ಬಳಿಗೆ ಒಯ್ದೆ.

ಅವರು ಬಹಳ ಹೊತ್ತು ನೋಡಿ, "ಇವು ಒಂಟಿಯಾಗಿ ಬಂದಿವೆಯೋ, ಸಂಸಾರಸಮೇತ ಬಂದಿವೆಯೋ, ವಿಚಾರಿಸಿದೆಯಾ?" ಎಂದರು.

ನಾನು ವಿಚಾರಿಸಿರಲಿಲ್ಲ. ಕರುಳಿನ ಎಡಗಡೆಯ ಕೆಳಭಾಗದಲ್ಲಿ, ಸಿಗ್ಮಾಯ್ಡ್ ಎಂಬಲ್ಲಿ, ಉದ್ದ ತೊಟ್ಟಿನ ಗಂಟು ಕರುಳಿನ ಚಲನೆಗೆ ಸಿಕ್ಕಿ ತಿರುಚಿಕೊಳ್ಳುತ್ತದೆ, ರಕ್ತ ಒಸರುತ್ತದೆ, ಆ ಒತ್ತಡದಲ್ಲಿ ಕೆಲವು ಗ್ರಂಥಿಗಳು ಪದರದ ಸಂದಿನಿಂದ ಕೆಳಕ್ಕೆ ತಳ್ಳಲ್ಪಡುತ್ತವೆ. ಗೋಡೆಗೆ ಕನ್ನವಿಕ್ಕಿ ನುಗ್ಗಿದ ಕಳ್ಳನಿಗೂ, ಜಾತ್ರೆಯ ನೂಕಾಟದಲ್ಲಿ ಪರರ ಅಂಗಳಕ್ಕೆ ಬಿದ್ದವನಿಗೂ ಅಂತರವುಂಟಷ್ಟೆ! ತಳ್ಳಿಸಿಕೊಂಡ ಗ್ರಂಥಿಗಳ ಅಂಚು ದುಂಡಗೆ; ಹುಟ್ಟಿದೆಡೆಯ ಮೃದುವಾದ ಅಂಗಾಂಶವನ್ನು ಸುತ್ತಲೂ ಹೊದ್ದುಕೊಂಡೇ ಬಂದಿರುತ್ತವೆ; ಪಕ್ಕದಲ್ಲಿ ಹಳೆಯ ರಕ್ತದ ಕಬ್ಬಿಣವು ಕಂದು ಹರಳಾಗಿ ಉಳಿದಿರುತ್ತದೆ. ಕಳ್ಳ ಗ್ರಂಥಿಯು ಬರಿಗೈಯಲ್ಲಿ ಬರುತ್ತದೆ, ಮೊನೆಮೊನೆಯಾಗಿರುತ್ತದೆ, ಅದರ ಸುತ್ತ ನೆಲವೇ ನಾರುನಾರಾಗಿ ಗಡುಸಾಗುತ್ತದೆ. ಈ ಹುಸಿ ಆಕ್ರಮಣವನ್ನು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮುತೋ, ಬಸ್ಸಿ, ಮಾರ್ಸನ್ ಎಂಬ ಮೂವರು 1973ರಲ್ಲಿಯೇ ವಿವರಿಸಿದ್ದರು. ಓದಿದ್ದೆ; ಕಂಡಾಗ ಗುರುತಿಸಲಿಲ್ಲ.

ಮೇಣದ ಅಚ್ಚನ್ನು ಇನ್ನೂ ಆಳಕ್ಕೆ ಹೆರೆಸಿದೆವು. ಕೆಳಗಿನ ಗ್ರಂಥಿಗಳು ಮೇಲಿನವುಗಳೊಡನೆ ಒಂದೆಡೆ ಕೂಡಿಕೊಂಡಿದ್ದುವು. ಕಬ್ಬಿಣಕ್ಕೆ ಹಾಕಿದ ಬಣ್ಣ ಅಚ್ಚನೀಲಿಯಾಗಿ ಹೊಳೆಯಿತು. ಅರ್ಬುದವಿಲ್ಲವೆಂದು ಶಾಯಿಯಲ್ಲಿ ಬರೆದೆ.

ಎಲ್ಲ ಸಲವೂ ಸಾಕ್ಷಿ ಹೀಗೆ ಒಂದೇ ಬಾಯಾಗಿ ನುಡಿಯುವುದಿಲ್ಲ. ಪಳಗಿದ ಕಣ್ಣುಗಳೂ ಒಂದೇ ಗಾಜನ್ನು ನೋಡಿ ಬೇರೆ ಬೇರೆ ಹೇಳುವುದುಂಟು. ಇಂಗ್ಲೆಂಡಿನಲ್ಲಿ 2006ರಿಂದ ಕರುಳಿನ ತಪಾಸಣೆ ನಡೆಯತೊಡಗಿದ ಮೇಲೆ ಇಂಥ ಗಂಟುಗಳಿಗಾಗಿಯೇ ತಜ್ಞರ ಮಂಡಲಿಯನ್ನು ನೇಮಿಸಬೇಕಾಯಿತು. ಕೆಲವು ರಾತ್ರಿ ನನಗೂ ನಿದ್ರೆ ಬಂದಿಲ್ಲ.

ವರದಿಯನ್ನು ಒಯ್ಯಲು ಉಪಾಧ್ಯಾಯರು ತಾವೇ ಬಂದರು. ಜವಾನ ನನ್ನನ್ನು ತೋರಿಸಿರಬೇಕು. ಬಾಗಿಲಲ್ಲಿ ನಿಂತು, ಕನ್ನಡಕವನ್ನು ಏರಿಸಿ, ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. ಅರ್ಥವಾಯಿತೋ ಇಲ್ಲವೋ ತಿಳಿಯದು. "ಅಕ್ಷರ ದುಂಡಾಗಿದೆ, ಮಗೂ" ಎಂದರು. ನನ್ನ ಅಂಗಿಯ ಜೇಬಿನಲ್ಲಿ ಆ ಪೆನ್ಸಿಲಿನ ಚೀಟಿ ಇನ್ನೂ ಮಡಿಸಿಕೊಂಡೇ ಇತ್ತು.